ಐದನೇ ಮುಳ್ಳು

ಪೆಟ್ಟಿಗೆಯಲ್ಲಿ ಮೊದಲನೇ ಸ್ಲೈಡೇ ಇರಲಿಲ್ಲ. ಸಿಗಡಿಯಮ್ಮ ಇನ್ನೊಮ್ಮೆ ಎಣಿಸಿದಳು. ಮಿಕ್ಕ ನಲವತ್ತೊಂಬತ್ತು ಗಾಜಿನ ಪಟ್ಟಿಗಳೂ ತಮ್ಮ ತಮ್ಮ ಸೀಳಿನಲ್ಲಿ ನೆಟ್ಟಗೆ ನಿಂತಿದ್ದವು. ಹೋದದ್ದು ಅದೊಂದೇ, ಹೋಗಬಾರದ್ದೂ ಅದೊಂದೇ. ಪೆಟ್ಟಿಗೆ ಇಡುವ ಕಪಾಟಿಗೆ ಇದ್ದದ್ದು ಎರಡೇ ಬೀಗದಕೈ. ಒಂದು ಅವಳ ಕೈಚೀಲದಲ್ಲಿ, ಇನ್ನೊಂದು ಶಿಷ್ಯನ ಜೇಬಿನಲ್ಲಿ. ಇನ್ನು ಕಳ್ಳ ಯಾರು ಅಂತ ಶಾಸ್ತ್ರ ಕೇಳುವುದೇನೂ ಉಳಿದಿರಲಿಲ್ಲ.

ಸಿಗಡಿಯಮ್ಮ ಅಂತ ಹೆಸರಿಟ್ಟವರು ವಿದ್ಯಾರ್ಥಿಗಳು. ಸಿಗಡಿಯ ದೂರದ ಬಳಗ, ಸಾಸಿವೆ ಕಾಳಿಗಿಂತ ಚಿಕ್ಕವು, ಅಂಥ ನೀರುಜೀವಿಗಳ ಕಾಲು ಬಿಡಿಸಿ ಮುಳ್ಳು ಎಣಿಸುತ್ತಲೇ ಅವಳ ತಲೆ ಬೆಳ್ಳಗಾಗಿತ್ತು. ಮೂವತ್ತೊಂದು ವರ್ಷದ ಹಿಂದೆ ಒಂದು ಹಾಳು ಬಾವಿಯಲ್ಲಿ ಅಂಥದ್ದೊಂದು ಸಿಕ್ಕಿತ್ತು. ಸಿಕ್ಕಿದ್ದೂ ಒಂದೇ, ಅದರ ಕೊನೆಯ ಜೋಡಿ ಕಾಲಿನಲ್ಲಿ ಉಳಿದಿದ್ದೂ ಒಂದೇ. ಆ ಬಳಗದಲ್ಲಿ ಎಲ್ಲಕ್ಕೂ ಆ ಕಾಲಿನಲ್ಲಿ ಐದು ಮುಳ್ಳು, ಇದಕ್ಕೆ ನಾಲ್ಕು. ಹೊಸ ಜಾತಿ ಅಂತ ಲೇಖನ ಬರೆದಳು, ನಾಮಕರಣ ಮಾಡಿದಳು. ಆ ಹೆಸರೇ ಅವಳಿಗೆ ಕೆಲಸ ಕೊಡಿಸಿತು, ಕುರ್ಚಿ ಕೊಡಿಸಿತು. ಲೇಖನ ಅಚ್ಚಾಗಿ ಎರಡು ವಾರಕ್ಕೆ ಸುಮ್ಮನೆ ಇನ್ನೊಮ್ಮೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ, ಗಾಜಿನ ಅಂಚಿನಲ್ಲಿ ಬಿದ್ದಿತ್ತು ಐದನೇ ಮುಳ್ಳು. ಕಾಲು ಬಿಡಿಸುವಾಗ ಅವಳದೇ ಸೂಜಿ ತಗುಲಿ ಮುರಿದಿತ್ತು. ಹೊಸ ಜಾತಿಯೂ ಇಲ್ಲ, ಮಣ್ಣೂ ಇಲ್ಲ. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಈ ವಿದ್ಯೆಯಲ್ಲಿ ಒಂದು ಕಟ್ಟಳೆ. ಯಾವ ಜೀವಿಯನ್ನು ನೋಡಿ ಹೆಸರಿಟ್ಟರೋ ಅದರ ಸ್ಲೈಡೇ ಕೊನೆಯವರೆಗೂ ಸಾಕ್ಷಿ. ಅನುಮಾನ ಬಂದವರು ಬಂದು ಅದನ್ನೇ ನೋಡಬೇಕು. ಪೆಟ್ಟಿಗೆಯ ಮೊದಲನೇ ಸ್ಲೈಡು ಅದೇ. ಹಾಗಾಗಿ ಆ ಕಪಾಟಿನ ಹತ್ತಿರ ಸುಳಿದವರೆಲ್ಲ ಅವಳಿಗೆ ಕಳ್ಳರೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಸ ಗುಡಿಸುವವಳು ಕೂಡ ಅಲ್ಲಿ ಪೊರಕೆ ಇಡಲು ಅಂಜುತ್ತಿದ್ದಳು. ಅಕ್ಕನಿಗೆ ಅರಳು ಮರಳು, ಹನ್ನೆರಡು ವರ್ಷ ಜೊತೆಗಿರುವ ಶಿಷ್ಯನನ್ನೂ ನಂಬುವುದಿಲ್ಲ ಅಂತ ಮನೆಯಲ್ಲಿ ತಂಗಿ ಬೈಯುತ್ತಲೇ ಇದ್ದಳು. ಬರುವ ಶುಕ್ರವಾರ ಸಿಗಡಿಯಮ್ಮನ ನಿವೃತ್ತಿ. ಕಪಾಟು, ಕುರ್ಚಿ ಎಲ್ಲ ಆ ಶಿಷ್ಯನಿಗೇ. ಮೂರು ದಿನ ತಡೆಯಲಾಗಲಿಲ್ಲವೇ ಇವನಿಗೆ?

ಶಿಷ್ಯ ತನ್ನ ಕೋಣೆಯಲ್ಲೇ ಇದ್ದ. ಎದ್ದು ಕುರ್ಚಿ ಸರಿಸಿದ, ಕಾಫಿ ತರಿಸಲೇ ಅಂದ. ಮಾತಿಗೆ ಬೆಣ್ಣೆ ಸವರಿದಂತಿತ್ತು. ಮೊದಲನೇ ಸ್ಲೈಡು ಕಾಣಿಸುತ್ತಿಲ್ಲವಲ್ಲ ಅಂತ ಅವಳು ಆದಷ್ಟು ಹಗುರವಾಗಿ ಕೇಳಿದಳು. ಅವನೇನೂ ಅಡಗಿಸಲಿಲ್ಲ. ಗಾಜಿನ ಹಳೇ ಅಂಟು ಬಿರುಕು ಬಿಟ್ಟು ಒಳಗೆ ಗಾಳಿ ಹೋಗುತ್ತಿತ್ತಂತೆ, ಬಿಡಿಸಿ ಹೊಸ ಅಂಟು ಹಾಕಿ ಕೂರಿಸಿದನಂತೆ. ಸ್ಲೈಡು ಅವನ ಮೇಜಿನ ಮೇಲೇ ಇತ್ತು. ಅವಳು ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಕಾಲು ಇತ್ತು, ನಾಲ್ಕು ಮುಳ್ಳು ಇದ್ದವು. ಅಂಚು ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ.

"ಅಂಚಲ್ಲಿ ಏನೋ ಇತ್ತಲ್ಲ?" ಬಾಯಿ ತಪ್ಪಿ ಬಂದುಬಿಟ್ಟಿತು.

"ಏನೋ ಕಸ ಮೇಡಂ, ತೆಗೆದೆ. ಇನ್ನು ಯಾರು ನೋಡಿದ್ರೂ ನೀವು ಬರೆದ ಹಾಗೇ ಇದೆ."

ಮೂವತ್ತೊಂದು ವರ್ಷದ ಭಾರ ಎದೆಯಿಂದ ಇಳಿದಂತಾಯಿತು. ನಗು ಬಂತು. ಬಂದ ನಗು ಅಲ್ಲೇ ನಿಂತಿತು. ಅಳತೆ ಮಾಡದೆ ಯಾವುದನ್ನೂ ಕಸ ಅನ್ನಬೇಡ ಅಂತ ಇವನಿಗೆ ಕಲಿಸಿದವಳೇ ಅವಳು. ಕೂದಲೆಳೆಯನ್ನೂ ಅಳೆದು ಬರೆದಿಡುವ ಆಸಾಮಿ ಇದನ್ನು ಒರೆಸಿ ಎಸೆದನೇ? ಇವನಿಗೆ ಗೊತ್ತು. ಗೊತ್ತಿದ್ದೇ ಮಾಡಿದ್ದಾನೆ. ಇದೇನು ಉಪಕಾರವೋ, ಕೊರಳಿಗೆ ಹಾಕಿದ ಉರುಳೋ? ಅವನ ಮುಖದಲ್ಲಿ ಹುಡುಕಿದಳು, ಏನೂ ಸಿಗಲಿಲ್ಲ. ಇನ್ನು ಸಾಯುವ ತನಕ ಇವನ ಒಂದೊಂದು ನಮಸ್ಕಾರವನ್ನೂ ತಿರುವಿ ತಿರುವಿ ನೋಡುತ್ತಿರಬೇಕು. ನೆನೆದರೇ ಸುಸ್ತಾಯಿತು, ನಾಚಿಕೆಯೂ ಆಯಿತು.

"ಅದು ಕಸ ಅಲ್ಲಪ್ಪ," ಅಂದಳು. "ಐದನೇ ಮುಳ್ಳು. ಮುರಿದಿದ್ದು ನಾನೇ. ಅವತ್ತಿಂದ ಗೊತ್ತಿತ್ತು, ಹೇಳೋ ಧೈರ್ಯ ಬರಲಿಲ್ಲ."

ಶಿಷ್ಯ ಮೇಜಿನ ಡ್ರಾಯರ್ ಎಳೆದು ಇನ್ನೊಂದು ಸ್ಲೈಡು ತೆಗೆದು ಅವಳ ಮುಂದಿಟ್ಟ. ಹೊಸ ಗಾಜಿನ ಕೆಳಗೆ ಒಂದೇ ಒಂದು ಮುಳ್ಳು. ಪಕ್ಕದ ಚೀಟಿಯಲ್ಲಿ ಅವಳೇ ಕಲಿಸಿದ ದುಂಡನೆಯ ಅಕ್ಷರದಲ್ಲಿ ಬಾವಿಯ ವಿವರ, ಮೂವತ್ತೊಂದು ವರ್ಷದ ಹಿಂದಿನ ತಾರೀಖು, ಮುಳ್ಳಿನ ಅಳತೆ ಎಲ್ಲ ಇತ್ತು. ಕೆಳಗೆ 'ಪತ್ತೆ ಮಾಡಿದವರು' ಅನ್ನುವ ಕಡೆ ಮಾತ್ರ ಜಾಗ ಬಿಟ್ಟಿತ್ತು.

"ನೀವೇ ಹೇಳ್ತೀರೇನೋ, ಶುಕ್ರವಾರ ಸಂಜೆವರೆಗೂ ಕಾಯೋಣ ಅಂತಿದ್ದೆ ಮೇಡಂ," ಅಂತ ಅವನು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. "ಆಮೇಲೆ ಅಲ್ಲಿ ನನ್ನ ಹೆಸರು ಬರೀತಿದ್ದೆ."