ಕೈಬಿಡದ ಮೈಲಾರೆಪ್ಪ

"ಅರ್ಧಕ್ಕ ಬಿಟ್ಟು ಓಡಿಹೋಗೂ ಪೈಕಿ ಅಲ್ಲಲ್ರಿ?" ನಿಜಲಿಂಗಪ್ಪ ಮತ್ತೆ ಅದನ್ನೇ ಕೇಳಿದ.

ರಾಣೆಬೆನ್ನೂರಿನ ಹೇಮಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಯಾರು, ಕಂಟ್ರಾಕ್ಟರ್ ಮೈಲಾರೆಪ್ಪನಾ? ನೀವು ಹೊಡದ್ರೂ ಹೋಗಂಗಿಲ್ರಿ."

ನಿಜಲಿಂಗಪ್ಪನಿಗೆ ಬೇಕಾಗಿದ್ದು ಅದೊಂದೇ ಮಾತು. ಎಂಬತ್ತಾರರ ಆ ಬೇಸಿಗೆಯಲ್ಲಿ ಬ್ಯಾಡಗಿಯ ಅವನ ಮನೆಯನ್ನು ರಿಪೇರಿ ಮಾಡಲು ಬಂದ ಮೊದಲ ಕಂಟ್ರಾಕ್ಟರ್ ಅಡುಗೆಮನೆಯ ಹಂಚು ಇಳಿಸಿ ನಾಪತ್ತೆಯಾಗಿದ್ದ. ಎರಡನೆಯವನು ತೊಲೆಗಳನ್ನೂ ಇಳಿಸಿ ಅವನ ಹಾದಿ ಹಿಡಿದಿದ್ದ. ಪಕ್ಕದ ಗೋದಾಮಿನ ಮೆಣಸಿನಕಾಯಿಯ ಘಾಟು ನೇರವಾಗಿ ಸಾರಿನ ಪಾತ್ರೆಗೆ ಇಳಿಯತೊಡಗಿತು. ಹೆಂಡತಿ ಫಕ್ಕೀರವ್ವ ಸೀನುತ್ತಲೇ ಟ್ರಂಕು ತುಂಬಿದಳು.

"ಅಡಗಿಮನಿ ಮ್ಯಾಲ ಹಂಚು ಕುಂದ್ರೂತನಕ ನಾ ಈ ಹೊಸ್ತಿಲ ತುಳಿಯಂಗಿಲ್ಲ" ಎಂದು ಹೇಳಿ ಗುತ್ತಲದ ತವರಿಗೆ ಹೊರಟುಹೋದಳು. ಅವಳಿಲ್ಲದೆ ನಿಜಲಿಂಗಪ್ಪನಿಗೆ ಅನ್ನವೂ ಬೇಯುತ್ತಿರಲಿಲ್ಲ, ಹೊತ್ತೂ ಹೋಗುತ್ತಿರಲಿಲ್ಲ. ಇನ್ನೊಮ್ಮೆ ಮೋಸ ಹೋದರೆ ಅವಳು ಬರುವುದೇ ಇಲ್ಲವೆಂಬ ಭಯ ಅವನನ್ನು ತಿನ್ನುತ್ತಿತ್ತು.

ಅವನು ಬಟ್ಟೆ ವ್ಯಾಪಾರಿ. ಸೀರೆಯನ್ನು ಬಿಸಿಲಿಗೆ ಹಿಡಿದು ನೋಡುವಷ್ಟೇ ಅನುಮಾನದಿಂದ ಹೇಮಪ್ಪನ ಹೊಸ ಗೋಡೆಯನ್ನು ನೋಡಿದ, ಬೆರಳ ಗಣ್ಣಿನಿಂದ ತಟ್ಟಿದ. ಕೆಲಸ ಬಂಗಾರದಂಥದ್ದು.

"ಎಲ್ಲಾ ಮುಗದೈತೇನ್ರಿ?"

"ಸಣ್ಣಪುಟ್ಟದ್ದು ಉಳದೈತ್ರಿ. ಅವಗ ಸಮಾಧಾನನ ಆಗವಲ್ದು."

ಕಟ್ಟೆಯ ಮೂಲೆಯಲ್ಲಿ ಹಾಸಿಗೆಯ ಸುರುಳಿಯಿತ್ತು. "ಹೊರಗ ಮಲಗತೀರೇನು?"

"ಗಾಳಿ ಚಲೋ ಬರತೈತ್ರಿ."

ಹೇಮಪ್ಪ ಎದ್ದು ಬಾಗಿಲಲ್ಲಿ ನಿಂತು, "ಎರಡು ಕಪ್ ಚಾ ಆಗಬಹುದೇನ್ರಿ?" ಎಂದು ಒಳಗಿನವರನ್ನು ಕೇಳಿದ. ದಪ್ಪ ಮೂಗುತಿಯ ಹೆಣ್ಣುಮಗಳೊಬ್ಬಳು ಚಹಾ ತಂದಿಟ್ಟು ಒಳಗೆ ಹೋದಳು. ಹೆಂಡತಿಗೆ ಇಷ್ಟು ಮರ್ಯಾದೆ ಕೊಡುವ ಮನುಷ್ಯ ಸುಳ್ಳು ಹೇಳಲಾರ ಎಂದು ನಿಜಲಿಂಗಪ್ಪ ತೀರ್ಮಾನಿಸಿದ.

"ಮೈಲಾರೆಪ್ಪನ ಸ್ವಭಾವ ಹೆಂಗ್ರಿ?"

"ಮನಿ ಮಂದಿ ಹಂಗ ಇರತಾನ್ರಿ." ಹೇಮಪ್ಪನ ಕಣ್ಣು ತುಂಬಿ ಬಂದವು. "ಕರಕೊಂಡು ಹೋಗ್ರಿ. ಇವತ್ತ ಕರಕೊಂಡು ಹೋಗ್ರಿ. ಸಾಮಾನಿಗೆ ಲಾರಿ ನಾನ ಗೊತ್ತು ಮಾಡತೇನಿ."

ಕಂಟ್ರಾಕ್ಟರನ ಮೇಲೆ ಇಂಥ ಅಭಿಮಾನವನ್ನು ನಿಜಲಿಂಗಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಅಂದೇ ಮಾತು ಮುಗಿಸಿದ.

ಮೈಲಾರೆಪ್ಪ ಹೆಸರು ಕೆಡಿಸಿಕೊಳ್ಳಲಿಲ್ಲ. ತೊಲೆ ಏರಿದವು, ಹಂಚು ಕುಳಿತವು, ಗೋಡೆ ಮಿರಮಿರನೆ ಮಿಂಚಿದವು. ಗುತ್ತಲದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಹೋಯಿತು. ಫಕ್ಕೀರವ್ವ ಟ್ರಂಕಿನೊಂದಿಗೆ ಬಂದಿಳಿದಳು. ಹೊಸ ಹಂಚು ನೋಡಿ ಅವಳ ಮುಖ ಅರಳಿತು.

ನಿಜಲಿಂಗಪ್ಪ ಹೊರಗೆ ಕಟ್ಟೆಯ ಮೇಲೆ ಮುದುಡಿ ಕುಳಿತಿದ್ದ.

"ಇಲ್ಯಾಕ ಕುಂತೀರಿ?" ಎಂದಳು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. "ಏನ್ರೀ, ಅಡಗಿ ಕಲತೀರೇನು?"

ನಿಜಲಿಂಗಪ್ಪ ಪಕ್ಕದ ಹಾಸಿಗೆಯ ಸುರುಳಿಯನ್ನು ಬೆನ್ನ ಹಿಂದೆ ಸರಿಸಿದ. ಬಾಗಿಲು ತೆರೆಯಿತು. ರಾಣೆಬೆನ್ನೂರಿನಲ್ಲಿ ಚಹಾ ಕೊಟ್ಟಿದ್ದ ಅದೇ ಹೆಣ್ಣುಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಫಕ್ಕೀರವ್ವನನ್ನು ಕಂಡು ನಕ್ಕಳು.

"ಬರ್ರಿ ಅಕ್ಕಾರ, ಮನಿ ರಿಪೇರಿಗೆ ಕೇಳಾಕ ಬಂದೀರೇನು? ಇಲ್ಲೀ ಕೆಲಸ ಮುಗಿಯೂತನಕ ನಮ್ಮ ಮನಿಯವರು ಈ ಮನಿ ಬಿಟ್ಟು ಏಳಂಗಿಲ್ರಿ. ಆಮ್ಯಾಲ ನಿಮ್ಮ ಮನಿಗೇ ಬಂದು ಇರತೇವಿ."