ಮದ್ದು ಕುಡಿಸದ ಗೂಟ

ಇಮಾಸ್ ಮಣ್ಣಿನಿಂದ ಕಿತ್ತ ಗೂಟದಲ್ಲಿ ಗೆದ್ದಲು ಮುಟ್ಟಿದ ಒಂದು ಗುರುತೂ ಇರಲಿಲ್ಲ. ಅವಳು ಚೀಟಿಯನ್ನು ಎರಡು ಸಲ ಓದಿದಳು. ಅದು ಹೋಲಿಕೆಗೆಂದು, ಗೆದ್ದಲು ತಡೆಯುವ ಮದ್ದು ಕುಡಿಸದೆ ನೆಟ್ಟಿದ್ದ ರಬ್ಬರ್ ಮರದ ತುಂಡು. ಬೋಗೋರ್‌ನ ಮಣ್ಣಿನಲ್ಲಿ ಆರು ತಿಂಗಳಿಗೆ ಪುಡಿಯಾಗಬೇಕಾದದ್ದು ವರ್ಷ ಕಳೆದರೂ ಹಾಗೇ ಇತ್ತು. ಅದೇ ಉಳಿದಿದೆ ಎಂದ ಮೇಲೆ, ಅವಳ ಮದ್ದು ಕುಡಿದ ಇನ್ನೂರು ಗೂಟಗಳು ಉಳಿದದ್ದರಿಂದ ಏನೂ ಸಾಬೀತಾಗುವುದಿಲ್ಲ. ವಿದ್ಯಾರ್ಥಿವೇತನ ಮುಗಿಯಲು ಎರಡೇ ತಿಂಗಳಿತ್ತು. ಮತ್ತೆ ನೆಟ್ಟು ವರ್ಷ ಕಾಯುವಂತಿರಲಿಲ್ಲ.

"ಅಬಾ, ಇಲ್ಲಿ ಗೆದ್ದಲೇ ಬರ್ಲಿಲ್ವಾ?" ಎಂದು ಪ್ರಯೋಗದ ಜಾಗದ ಕಾವಲಿನ ಮುದುಕ ಸರ್ವಿತನನ್ನು ಕೇಳಿದಳು.

"ಬರದೇ ಏನು ನೆಂಗ್, ನನ್ ಮಗಳೇ? ನೀವು ನೆಟ್ಟು ಹೋದ ವಾರವೇ ಸಾಲುಗಟ್ಟಿ ಬಂದ್ವು. ನಾನಿರುವಾಗ ನಿಮ್ಮ ಓದಿನ ಗೂಟ ತಿನ್ನೋದಾ? ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು, ಒಂದನ್ನೂ ಬಿಡದೆ ಬುಡಕ್ಕೆ ಸೀಮೆಎಣ್ಣೆ ಹಾಕಿದೀನಿ. ನಮ್ಮ ಮನೆ ಕಂಬಾನೇ ಗೆದ್ದಲು ತಿಂತಿದೆ, ನೀನಿಲ್ಲಿ ಕಡ್ಡಿ ಕಾಯ್ತೀಯಾ ಅಂತ ನಮ್ಮವಳು ದಿನಾ ಬೈತಾಳೆ." ಮುದುಕ ನಕ್ಕು ಅವಳ ಕೈಯಲ್ಲಿದ್ದ ಹಾಳೆಯತ್ತ ಬಗ್ಗಿದ. "ಗೆದ್ದಲು ಎಷ್ಟು ತಿಂದಿದೆ ಅಂತ ನೋಡಿ ಒಂದೊಂದಕ್ಕೂ ಮಾರ್ಕು ಹಾಕ್ತೀರಂತಲ್ಲ, ಇದಕ್ಕೆಷ್ಟು?"

ಇಮಾಸ್ ಗೂಟದ ಮಣ್ಣನ್ನು ಹೆಬ್ಬೆರಳಿನಿಂದ ನಿಧಾನವಾಗಿ ಒರೆಸಿದಳು.

"ಹತ್ತಕ್ಕೆ ಹತ್ತು, ಅಬಾ," ಎಂದಳು. ಹಾಳೆಯಲ್ಲೂ ಅದನ್ನೇ ಬರೆದಳು.