ಮೇಣದ ದೊರೆಯ ಸಾರು

ಫ್ರಾನ್ಸಿನ ರಾಜ್ಯಭಾರವೇ ನಿಂತುಹೋಗುವಂಥ ಪ್ರಶ್ನೆಯೊಂದು ಆ ಮಧ್ಯಾಹ್ನ ಪ್ಯಾರಿಸಿನ ಅರಮನೆಯಲ್ಲಿ ಎದ್ದಿತ್ತು: ದೊರೆಯ ಸಾರನ್ನು ಮೊದಲು ರುಚಿ ನೋಡಬೇಕೋ, ಬೇಡವೋ?

ದೊರೆ ತೀರಿಕೊಂಡು ವಾರವಾಗಿತ್ತು. ಅದು ಬೇರೆ ಮಾತು. ಮಣ್ಣಾಗುವವರೆಗೆ ದೊರೆ ದೊರೆಯೇ. ಹೆಣ ಕೆಳಗಿನ ಕೋಣೆಯಲ್ಲಿ ಸೀಸದ ಪೆಟ್ಟಿಗೆಯೊಳಗಿತ್ತು. ಮೇಲೆ, ಸಭಾಂಗಣದ ಮಂಚದಲ್ಲಿ, ಅವನದೇ ಮುಖದ ಮೇಣದ ಬೊಂಬೆ ಕಿರೀಟ ತೊಟ್ಟು ಒರಗಿತ್ತು. ಎರಡು ಹೊತ್ತೂ ಅದಕ್ಕೆ ಊಟ ಬಡಿಸುತ್ತಿದ್ದರು.

ರುಚಿ ನೋಡುವ ಕೆಲಸ ಗಿಬೇರನದು. ಇಪ್ಪತ್ತು ವರ್ಷ ಆಳಿದ ದೊರೆ ಯುದ್ಧಕ್ಕೆ ಹೆದರಲಿಲ್ಲ, ಬಟ್ಟಲಿಗೆ ಹೆದರಿದ. ಗಿಬೇರನ ಗಂಟಲಲ್ಲಿ ಮೊದಲು ಇಳಿಯದ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕಡೆಯ ಕಾಯಿಲೆಯಲ್ಲಿ ಮಾತ್ರ, ಮುಂದೆ ಪಟ್ಟಕ್ಕೆ ಬರಬೇಕಿದ್ದ ದೊರೆಯ ತಮ್ಮನ ಮನೆಯಿಂದ ಬೆಳ್ಳಿ ಡಬ್ಬಿಯಲ್ಲಿ ಪುಡಿ ಬಂತು. ಔಷಧಿ ಕಾಯಿಲೆಯವರಿಗೆ, ಗಟ್ಟಿಮುಟ್ಟಾದವರಿಗಲ್ಲ ಎಂದು ಗಿಬೇರನನ್ನು ದೂರವಿಟ್ಟರು. ಈಗ ಎಲ್ಲವೂ ಕೊನೆಯ ದಿನಗಳಲ್ಲಿದ್ದಂತೆಯೇ ನಡೆಯಬೇಕೆಂಬುದು ಕಟ್ಟಳೆ. ಹಾಗಾಗಿ ಡಬ್ಬಿಯಲ್ಲಿ ಉಳಿದ ಪುಡಿಯೂ ಸಾರಿಗೆ ಬೀಳುತ್ತಿತ್ತು, ಗಿಬೇರ್ ಅದನ್ನು ಮುಟ್ಟುವಂತೆಯೂ ಇರಲಿಲ್ಲ. ಊಟದ ನಂತರ ಮೇಲ್ವಿಚಾರಕ ರೆನೊ ಆ ಸಾರನ್ನು ತಾನೇ ಹೊತ್ತೊಯ್ದು ನದಿಗೆ ಚೆಲ್ಲುತ್ತಿದ್ದ. ಆ ಮಧ್ಯಾಹ್ನ ಗಿಬೇರ್ ತನ್ನ ಚಮಚ ಹಿಡಿದು ಸಾರಿನ ಮುಂದೆ ಬಂದು ನಿಂತ.

"ಹೊಸ ದೊರೆ ರುಚಿ ನೋಡೋಕೆ ತಮ್ಮ ಕಡೆಯವನನ್ನೇ ಕರ್ಕೊಂಡು ಬರ್ತಾರೆ. ನಿಂದಿನ್ನೇನು ಕೆಲಸ?" ಎಂದ ರೆನೊ. "ಆ ಚಮಚ ಇಲ್ಲಿ ಕೊಡು, ಮನೆಗೆ ಹೋಗು. ಮೇಣಕ್ಕೆ ಯಾರಪ್ಪ ವಿಷ ಹಾಕ್ತಾರೆ?"

"ಮೇಣ ಅನ್ಬೇಡಿ ಸ್ವಾಮಿ, ಕೇಳಿಸ್ಕೊಂಡಾರು. ಬೆಳಿಗ್ಗೆ ನೀವೇ ಮಂಡಿಯೂರಿದ್ರಲ್ಲ?"

"ಇದು ಔಷಧಿ ಸಾರು ಕಣಯ್ಯ. ನಿನಗಲ್ಲ."

"ಔಷಧಿ ಕಾಯಿಲೆಯವರಿಗೆ ಅಂದೋರು ನೀವೇ. ದೊರೆಗೀಗ ಏನು ಕಾಯಿಲೆ? ಕೆನ್ನೆ ನೋಡಿ, ಹೆಂಗೆ ಕೆಂಪಗಿದೆ! ಹಂಗಾದ್ರೆ ಇದು ಊಟ. ಊಟ ಅಂದ್ಮೇಲೆ ನನ್ನ ಕೆಲಸ."

"ಬೇಡ ಗಿಬೇರ್," ಎಂದ ರೆನೊ, ದನಿ ತಗ್ಗಿಸಿ. "ಹಠ ಬೇಡ. ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ."

ಅದು ಸೋತವನ ದನಿಯೆಂದುಕೊಂಡ ಗಿಬೇರ್ ಚಮಚದ ತುಂಬ ಸಾರು ತೆಗೆದು ನುಂಗಿದ. ನುಂಗಿದ ಮೇಲೆ ಮೇರಿ ಮಾತೆಯ ಪ್ರಾರ್ಥನೆಯೊಂದು ಮುಗಿಯುವವರೆಗೆ ದೊರೆ ಕಾಯಬೇಕು. ಎಂದಿನಂತೆ ಗಟ್ಟಿಯಾಗಿ ಶುರುಮಾಡಿದ. ನಡುವೆ ನಾಲಿಗೆ ತೊದಲಿತು. ಚಮಚ ಜಾರಿತು. ಮಂಚದ ಅಂಚು ಹಿಡಿದು ಕುಸಿಯುತ್ತ, ಮೇಣದ ಕಿವಿಗೆ ಬಾಯಿಟ್ಟ.

"ದೊರೆಗಳೇ... ಇದೇ ರುಚಿಯಾ?"

ಬೊಂಬೆಯ ಕಣ್ಣಿನಿಂದ ಒಂದು ಹನಿ ಇಳಿದು ಕೆನ್ನೆಯ ಮೇಲೆ ನಿಂತಿತು. ಸೆಕೆ ಹೆಚ್ಚಾಯಿತೆಂದು ರೆನೊ ಮಂಚದ ಪಕ್ಕ ಉರಿಯುತ್ತಿದ್ದ ಎರಡು ಮೇಣದ ಬತ್ತಿಗಳನ್ನು ಆರಿಸಿದ. ನೆಲದ ಮೇಲಿದ್ದವನು ಅಲುಗುವುದು ನಿಂತಾಗ, ಅವನು ಬಿಟ್ಟಲ್ಲಿಂದ ಪ್ರಾರ್ಥನೆಯನ್ನು ತಾನೇ ಹೇಳಿ ಮುಗಿಸಿದ. ಆಮೇಲೆ ದೊರೆಗೆ ಸಾರು ಬಡಿಸಿದ.

ದೊರೆಗೆ ಏನೂ ಆಗಲಿಲ್ಲ.